ಎಡಗಡೆಯ ಜೇಬು

ಅಕ್ಟೋಬರ್ 6, ಭಾನುವಾರ

ಇದು ಕಾಲೇಜಿನವರು ಜನವರಿಯಲ್ಲಿ ಕೊಟ್ಟ ಡೈರಿ. ಒಂಬತ್ತು ತಿಂಗಳು ಇದರ ಮೇಲೆ ಕಾಫಿ ಲೋಟ ಇಟ್ಟದ್ದು ಬಿಟ್ಟರೆ ಬೇರೆ ಉಪಯೋಗ ಆಗಿರಲಿಲ್ಲ. ಇವತ್ತಿನಿಂದ ಬರೆಯಲು ಕಾರಣ, ನಾನು ಮಾಡಲು ಹೊರಟಿರುವ ಕೆಲಸವನ್ನು ಯಾರ ಮುಂದೆಯೂ ಹೇಳಿಕೊಳ್ಳುವಂತಿಲ್ಲ. ಇಪ್ಪತ್ತೊಂಬತ್ತು ವರ್ಷ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳಿದ ಶ್ರೀಹರಿ ಮೇಷ್ಟ್ರು ಇವತ್ತು ಮೂರು ಗಂಟೆ ಕಾಲ ಹೊಲಿಗೆ ಮಿಷನ್ನಿನ ಮುಂದೆ ಕೂತು, ಹಳೆಯ ಪಂಚೆಯ ಚೂರಿನ ಮೇಲೆ ಒಂದು ಗೇಣು ಹೊಲಿಗೆ ಹಾಕಲಾರದೆ ಸೋತು ಎದ್ದರು.

ಮೇಲಿನಿಂದ ನೋಡಿದರೆ ಹೊಲಿಗೆ ಹೊಲಿಗೆಯ ಹಾಗೇ ಇತ್ತು. ಹೆಮ್ಮೆಯಿಂದ ಬಟ್ಟೆ ತಿರುಗಿಸಿದೆ. ಕೆಳಗೆ ದಾರವೆಲ್ಲ ಗಂಟುಗಂಟಾಗಿ ಗುಬ್ಬಚ್ಚಿ ಗೂಡು. ಕಟ್ಟುವುದಕ್ಕೆ ಗುಬ್ಬಚ್ಚಿಗೂ ಇನ್ನಷ್ಟು ಶಿಸ್ತಿರುತ್ತದೆ.

ಮಧುರಾ ಆಸ್ಪತ್ರೆಯಿಂದ ಮನೆಗೆ ಬಂದು ಮೂರು ವಾರವಾಯಿತು. ಎದೆಯಲ್ಲಿ ಗಡ್ಡೆ ಇತ್ತು. ಗಡ್ಡೆಯ ಜೊತೆಗೆ ಅದನ್ನೂ ತೆಗೆದರು. ಅದು ಎಂದರೆ ಅದೇ, ಎಡಗಡೆಯದು. ಬಿಡಿಸಿ ಬರೆಯುವ ಅಗತ್ಯವಿಲ್ಲ. ಈ ಡೈರಿ ಓದುವವನು ನಾನೊಬ್ಬನೇ, ನನಗೆ ಗೊತ್ತಿದೆ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ಹಾಳೆ ಕೊಟ್ಟಿದ್ದಳು. ಅದರಲ್ಲಿ ರವಿಕೆಯ ಚಿತ್ರ: ಮುಂದೆ ಹುಕ್ಕು, ಸಡಿಲವಾದ ತೋಳು, ಒಳಗಡೆ ಆಪರೇಷನ್ ಆದ ಕಡೆಗೆ ಒಂದು ಜೇಬು. ಆ ಜೇಬಿನಲ್ಲಿ ಹತ್ತಿ ತುಂಬಿದ ಮೆತ್ತೆ ಇಟ್ಟುಕೊಂಡರೆ ಎರಡೂ ಕಡೆ ಸಮವಾಗಿ ಕಾಣುತ್ತದಂತೆ.

"ಟೈಲರ್ ಹತ್ರ ಕೊಡೋಣ್ವಾ?" ಎಂದು ಮಧುರಾಳನ್ನು ಕೇಳಿದೆ.

"ಅಳತೆ ತೊಗೋತೀನಿ ಅಂತ ಯಾರೂ ನನ್ನ ಮುಟ್ಟೋದು ಬೇಡ."

"ಹಾಗಾದ್ರೆ ನಾನೇ ಹೊಲೀತೀನಿ."

ಅವಳು ನನ್ನನ್ನೇ ನೋಡಿದಳು. ಪ್ಯಾಂಟಿನ ಗುಂಡಿ ಬಿದ್ದರೆ ಸೇಫ್ಟಿ ಪಿನ್ನು ಚುಚ್ಚಿಕೊಂಡು ಕಾಲೇಜಿಗೆ ಹೋಗುವ ಗಂಡ. "ಯಾಕೆ ರೀ ರವಿಕೆ? ನಾನು ಇನ್ನು ಸ್ಕೂಲಿಗೆ ಹೋಗಲ್ಲ. ಮನೇಲಿರೋಳಿಗೆ ನೈಟಿ ಸಾಕು," ಎಂದಳು. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ಡಿಸೆಂಬರ್ ಒಂದರವರೆಗೆ ರಜೆ ಇದೆ. ನಾನು ವಾದ ಮಾಡದೆ ಮಂಚದ ಕೆಳಗಿನಿಂದ ಮಿಷನ್ನು ಎಳೆದೆ. ಅವಳ ಅಮ್ಮ ಕೊಟ್ಟದ್ದು. ಕರಿ ಮೈ, ಬಲಗೈಯಲ್ಲಿ ತಿರುಗಿಸುವ ಚಕ್ರ, ಮರದ ಮುಚ್ಚಳ.

ನಡುಮನೆಯ ದಿವಾನ್ ಮೇಲೆ ಮಲಗುತ್ತಿದ್ದೇನೆ. ನನ್ನ ಗೊರಕೆಯಿಂದ ಅವಳಿಗೆ ತೊಂದರೆ. ಇಪ್ಪತ್ತೇಳು ವರ್ಷ ಆಗದ ತೊಂದರೆ ಈಗ ಹೇಗೆ ಎಂದು ಅವಳು ಕೇಳಲಿಲ್ಲ.

ಅಕ್ಟೋಬರ್ 8, ಮಂಗಳವಾರ

ಮಿಷನ್ನಿನ ಮುಖದ ಮೇಲೆ ಒಂದು ತಿರುಪು ಇದೆ, ಸುತ್ತಲೂ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳು. ಮೇಲಿನ ದಾರದ ಟೆನ್ಶನ್ ಇದರಲ್ಲಿ ಹೆಚ್ಚು ಕಡಿಮೆ ಮಾಡಬೇಕು. ಇದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಟೆನ್ಶನ್ ನನ್ನ ಸ್ವಂತ ವಿಷಯ. ಪ್ರತಿ ವರ್ಷ ಬೋರ್ಡಿನ ಮೇಲೆ ರಾಟೆ ಬರೆದು, ಹಗ್ಗದ ಎರಡು ತುದಿಗೆ ಎರಡು ಗುಂಡು ನೇತುಹಾಕಿ, ಹಗ್ಗದಲ್ಲಿರುವ ಎಳೆತ ಎಷ್ಟು ಎಂದು ಹುಡುಗರ ಜೀವ ತಿನ್ನುವವನು ನಾನು.

ಹಾಗಾಗಿ ತಿರುಪನ್ನು ಮೂರರಿಂದ ಐದಕ್ಕೆ ತಿರುಗಿಸಿದೆ. ಗೂಡು. ಏಳಕ್ಕೆ ತಿರುಗಿಸಿದೆ. ಗೂಡು. ಒಂಬತ್ತಕ್ಕೆ. ಅಲ್ಲಿಂದ ಮುಂದೆ ಅಂಕಿ ಇಲ್ಲ, ಗೂಡು ಮಾತ್ರ ಹಾಗೇ ಇದೆ. ಮೇಲಿನ ದಾರ ಸರಿಯಿದ್ದ ಮೇಲೆ ತಪ್ಪು ಕೆಳಗಿನ ದಾರದ್ದೇ ಎಂದು ತೀರ್ಮಾನಿಸಿ, ಅದನ್ನು ಸುತ್ತಿದ ಬಾಬಿನ್ ಕೂರುವ ಪುಟ್ಟ ಡಬ್ಬಿಯ ಸ್ಕ್ರೂವನ್ನೂ ಶಕ್ತಿ ಇದ್ದಷ್ಟು ಬಿಗಿ ಮಾಡಿದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು ಎಂದು ಲ್ಯಾಬಿನಲ್ಲಿ ವರ್ಷವಿಡೀ ಕಿರುಚುತ್ತೇನೆ. ಕಿರುಚುವುದು ಸುಲಭ.

ಸಿಕ್ಕಿಕೊಂಡ ಬಟ್ಟೆಯನ್ನು ಜಗ್ಗಿದಾಗ ಟಕ್ ಎಂದು ಸದ್ದಾಯಿತು.

"ಸೂಜಿ ಮುರೀತಾ?" ಎಂದಳು ಮಧುರಾ ರೂಮಿನೊಳಗಿಂದ. ಇವತ್ತು ಅವಳಾಗಿ ಆಡಿದ ಮೊದಲ ಮಾತು.

"ಇಲ್ಲ," ಎಂದೆ. ಅದು ಎರಡನೆಯ ಸೂಜಿ.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ಸ್ಕೂಟರಿಗೆ, ಮಿಕ್ಸಿಗೆ, ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟು ಸೇವಂತಿಗೆ ಮುಡಿಸಿದೆ. ಮೊದಲೆರಡು ನನ್ನ ಮಾತು ಕೇಳುತ್ತವೆ. ಮೂರನೆಯದರ ಮುಂದೆ ಸ್ವಲ್ಪ ಹೊತ್ತು ಹೆಚ್ಚಾಗಿ ಕೈ ಮುಗಿದು ನಿಂತೆ.

ಎದುರುಮನೆ ರುದ್ರಾಣಿಯವರು ಹೋಳಿಗೆ ತಂದರು. "ಮಧುರಾ ಎಲ್ರೀ ಮೇಷ್ಟ್ರೇ, ಕಾಣೋದೇ ಇಲ್ಲ?"

"ಮಲಗಿದಾಳೆ. ಸ್ವಲ್ಪ ಜ್ವರ."

"ಹೋದ ತಿಂಗಳೂ ಜ್ವರ ಅಂದಿದ್ರಿ!"

"ವೈರಲ್ಲು," ಎಂದೆ. ಭೌತಶಾಸ್ತ್ರದವನು ವೈದ್ಯಶಾಸ್ತ್ರ ಹೇಳಿದರೆ ಹೀಗೇ. ಅವರು ರೂಮಿನ ಬಾಗಿಲು ನೋಡಿದರು, ನಾನು ಹೋಳಿಗೆ ನೋಡಿದೆ. ಯಾರಿಗೂ ಹೇಳಬೇಡಿ ಎಂದು ಮಧುರಾಳೇ ಹೇಳಿದ್ದಾಳೆ. ಮಗಳು ಆರಾಧನಾ ಧಾರವಾಡದಲ್ಲಿ ಓದುತ್ತಿದ್ದಾಳೆ, ಅವಳಿಗೆ ಗೊತ್ತು. ಇನ್ನು ನಮ್ಮಿಬ್ಬರಿಗೆ ಗೊತ್ತು. ನಾವಿಬ್ಬರೂ ಅದರ ಮಾತು ಆಡುವುದಿಲ್ಲ.

ಅಕ್ಟೋಬರ್ 15, ಮಂಗಳವಾರ

ಅವಮಾನದ ದಿನ. ವಿವರವಾಗಿ ಬರೆಯಬೇಕು.

ಶ್ರೀರಾಂಪುರದಲ್ಲಿ ಮುರುಗೇಶ ಎನ್ನುವವರು ಮಿಷನ್ ರಿಪೇರಿ ಮಾಡುತ್ತಾರೆಂದು ಇಸ್ತ್ರಿಯವನು ಹೇಳಿದ್ದ. ಆಟೋದಲ್ಲಿ ಮಿಷನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದೆ. ಹುಟ್ಟಿದ ಮಗಳನ್ನು ಮನೆಗೆ ಕರೆತಂದ ದಿನವೂ ಇಷ್ಟು ಭದ್ರವಾಗಿ ಹಿಡಿದಿರಲಿಲ್ಲ. ಅಂಗಡಿ ಎಂದರೆ ಎರಡು ಆಳು ನಿಲ್ಲುವಷ್ಟು ಜಾಗ. ಮುರುಗೇಶ ನನ್ನದೇ ವಯಸ್ಸಿನವರು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದರು.

"ಏನ್ ಸಾರ್ ಪ್ರಾಬ್ಲಮ್ಮು?"

ಹತ್ತು ನಿಮಿಷ ವಿವರಿಸಿದೆ. ಘರ್ಷಣೆಯ ವಿಷಯ ಹೇಳಿದೆ, ಸ್ಪ್ರಿಂಗ್ ಹಳತಾಗಿ ಸೋತಿರಬಹುದು ಎಂದೂ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, ನನ್ನದೇ ದಾರ ಹಾಕಿ, ಬಾಬಿನ್ ಡಬ್ಬಿಯನ್ನು ಅವರ ಹತ್ತಿರ ಇದ್ದ ಬೇರೊಂದಕ್ಕೆ ಬದಲಾಯಿಸಿ, ತಿರುಪನ್ನು ನಾಲ್ಕಕ್ಕೆ ತಂದು, ಚಕ್ರ ತಿರುಗಿಸಿದರು. ಹೊಲಿಗೆ ಮೇಲೂ ಕೆಳಗೂ ಒಂದೇ ಹಾಗೆ, ಸಾಲಾಗಿ ನಡೆಯುವ ಇರುವೆಯ ಹಾಗೆ ಬಂತು.

"ಮಿಷನ್ ಸೂಪರಾಗಿದೆ ಸಾರ್. ಈಗ ನೀವು ದಾರ ಹಾಕಿ ತೋರ್ಸಿ."

ಹಾಕಿದೆ.

"ನಿಲ್ಸಿ. ಪಾದ ಇಳಿದಿದೆ ನೋಡಿ," ಎಂದು ಬಟ್ಟೆಯನ್ನು ಒತ್ತಿ ಹಿಡಿಯುವ ಕಬ್ಬಿಣದ ಪಾದ ತೋರಿಸಿದರು. "ಪಾದ ಎತ್ತಿದ್ರೆ ತಿರುಪಿನ ಹಿಂದಿರೋ ಈ ಎರಡು ಬಿಲ್ಲೆ ಬಾಯ್ ಬಿಡತ್ತೆ. ದಾರ ಒಳಗೋಗಿ ಕೂರತ್ತೆ. ಪಾದ ಇಳಿಸಿದ್ರೆ ಬಾಯ್ ಮುಚ್ಕೊಳತ್ತೆ. ನೀವು ಬಾಯ್ ಮುಚ್ಕೊಂಡಿರೋವಾಗ ದಾರ ಹಾಕಿದೀರಿ. ಅದು ಹೊರಗಡೇನೇ ನಿಂತಿದೆ. ಆಮೇಲೆ ನಂಬರ್ ಎಷ್ಟು ತಿರುಗಿಸಿದ್ರೆ ಏನ್ ಬಂತು?"

ಒಂಬತ್ತು ದಿನ ಮಿಷನ್ನು, ದಾರ, ಸೂಜಿ, ಅದನ್ನು ಕೊಟ್ಟ ಅತ್ತೆಯವರು, ಎಲ್ಲರನ್ನೂ ಅನುಮಾನಿಸಿದ್ದೆ. ನನ್ನೊಬ್ಬನನ್ನು ಬಿಟ್ಟು.

"ಏನ್ ಸಾರ್ ಹೊಲೀತಿರೋದು?"

"ದಿಂಬಿನ ಕವರು."

"ದಿಂಬಿನ ಕವರಿಗಾ ಇಷ್ಟು ಟೆನ್ಶನ್ನು?" ಎಂದು ನಕ್ಕರು. ನಾನೂ ನಕ್ಕೆ.

ಅಕ್ಟೋಬರ್ 19, ಶನಿವಾರ

ಪಾದ ಎತ್ತಿ ದಾರ ಹಾಕಿದೆ. ಗೂಡು ಮಾಯ. ಆದರೆ ಈಗ ಕೆಳಗಿನ ದಾರ ತಂತಿಯ ಹಾಗೆ ನೆಟ್ಟಗೆ ಮಲಗಿ ಬಟ್ಟೆಯನ್ನು ಸುಕ್ಕು ಹಿಡಿಸುತ್ತಿದೆ. ಕಾರಣ ನನಗೇ ಗೊತ್ತು. ನಮ್ಮ ಡಬ್ಬಿಯ ಸ್ಕ್ರೂವನ್ನು ಎಂಟನೇ ತಾರೀಕು ಬಿಗಿ ಮಾಡಿದ ವಿಜ್ಞಾನಿ ನಾನೇ. ಸಡಿಲ ಮಾಡಲು ಹೋದೆ. ಸ್ಕ್ರೂ ಕಳಚಿ ನೆಲಕ್ಕೆ ಬಿತ್ತು. ಎಳ್ಳಿನ ಗಾತ್ರದ ಸ್ಕ್ರೂ, ಚುಕ್ಕಿಚುಕ್ಕಿ ಮೊಸಾಯಿಕ್ ನೆಲ.

ಅರ್ಧ ಗಂಟೆ ಅಂಬೆಗಾಲಿಟ್ಟೆ. ನಾನು ಬೈದುಕೊಳ್ಳುವುದು ಕೇಳಿ ಮಧುರಾ ಹೊರಗೆ ಬಂದಳು. ನೈಟಿಯ ಮೇಲೆ ದುಪಟ್ಟಾ ಹೊದ್ದಿದ್ದಳು. "ಅಲ್ಲಿ ಹುಡುಕಬೇಡಿ, ಉರುಳಿರತ್ತೆ," ಎಂದು ಬಗ್ಗಿ, ಗೋಡೆಯ ಅಂಚಿಗೆ ಬೆರಳು ಹಾಕಿದಳು. ಸಿಕ್ಕಿಯೇಬಿಟ್ಟಿತು. ಬಗ್ಗಿದಾಗ ದುಪಟ್ಟಾ ಜಾರಿತು. ನೈಟಿ ಎಡಗಡೆ ಖಾಲಿಯಾಗಿ ಜೋತಿತ್ತು.

ನಾನು ಕಿಟಕಿಯ ಕಡೆ ನೋಡಿದೆ. ಕಿಟಕಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಅವಳು ಸ್ಕ್ರೂವನ್ನು ನನ್ನ ಅಂಗೈಯಲ್ಲಿಟ್ಟು ಒಳಗೆ ಹೋದಳು. ಸ್ಕ್ರೂ ಎರಡು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಇದೆ. ಮತ್ತೆ ಕೂರಿಸಿ, ಬಿಗಿ ಮಾಡಿ, ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಸಾಕು. ತಿರುಗಿಸಿದೆ. ಹೊಲಿಗೆ ಪರವಾಗಿಲ್ಲ. ಸಂತೋಷ ಮಾತ್ರ ಯಾಕೋ ಆಗಲಿಲ್ಲ.

ಅಕ್ಟೋಬರ್ 21, ಸೋಮವಾರ

ನಾಳೆ ಮಧುರಾಳ ಗಡ್ಡೆಯ ರಿಪೋರ್ಟು. ಹೊಲಿಯಲಿಲ್ಲ. ಮಿಷನ್ನಿಗೆ ಎಣ್ಣೆ ಬಿಟ್ಟೆ. ಮತ್ತೆ ಬಿಟ್ಟೆ. ಮೇಜಿನ ತುಂಬ ಎಣ್ಣೆ.

ಅಕ್ಟೋಬರ್ 22, ಮಂಗಳವಾರ

ಕೀಮೋ ಬೇಡವಂತೆ. ದಿನಕ್ಕೊಂದು ಮಾತ್ರೆ, ಐದು ವರ್ಷ. ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಬೇರೆಲ್ಲೂ ಹರಡಿಲ್ಲ.

ಮಧುರಾ ಡಾಕ್ಟರಿಗೆ ಕೈ ಮುಗಿದಳು. ನಾನು ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದೆ. ಅವರು ಹೇಳಿದರು. ಮತ್ತೆ ಕೇಳಿದೆ. ಮೂರನೆಯ ಸಲ ಕೇಳಿದಾಗ ಚೀಟಿಯಲ್ಲಿ ಬರೆದುಕೊಟ್ಟರು.

ಬರುವಾಗ ಆಟೋ ನಿಲ್ಲಿಸಿ ದಾರದ ಅಂಗಡಿಗೆ ಹೋದೆ. "ಬಿಳಿ ಕೊಡಲಾ ಸಾರ್?" ಎಂದರು. ತಲೆ ಆಡಿಸಿದೆ. "ಇನ್ನೊಂದು?" ತಲೆ ಆಡಿಸಿದೆ. ಆತ ಕೇಳುತ್ತಲೇ ಹೋದ, ನಾನು ಆಡಿಸುತ್ತಲೇ ಹೋದೆ. ಮನೆಗೆ ಬಂದು ನೋಡಿದರೆ ಹನ್ನೊಂದು ರೀಲು, ಎಲ್ಲ ಬಿಳಿ.

ಅಕ್ಟೋಬರ್ 26, ಶನಿವಾರ

ಮೊದಲ ರವಿಕೆ ಮುಗಿಯಿತು.

ಅವಳ ಹಳೆಯ ರವಿಕೆಯೊಂದರ ಹೊಲಿಗೆ ಬಿಚ್ಚಿ, ತುಂಡುಗಳನ್ನು ಹೊಸ ಬಟ್ಟೆಯ ಮೇಲಿಟ್ಟು ಗೆರೆ ಹಾಕಿ ಕತ್ತರಿಸಿದ್ದೆ. ತಿಳಿನೀಲಿ ಕಾಟನ್. ಪಂಚೆಗೆ ಒಗ್ಗಿದ ನಾಲ್ಕು ನಂಬರು ತೆಳು ಬಟ್ಟೆಗೆ ಹೆಚ್ಚಾಗಿ ಹೊಲಿಗೆಯುದ್ದಕ್ಕೂ ಸುಕ್ಕು ಬಂತು, ಮೂರಕ್ಕೆ ಇಳಿಸಿದೆ. ಒಂದು ತೋಳು ಇನ್ನೊಂದಕ್ಕಿಂತ ಉದ್ದ. ಒಳಗೆ ಮೆತ್ತನೆಯ ಬಟ್ಟೆಯ ಜೇಬು. ಆ ಜೇಬಿನ ಹೊಲಿಗೆ ನನ್ನ ಜೀವನದ ಅತ್ಯುತ್ತಮ ಹೊಲಿಗೆ, ಇದರಲ್ಲಿ ಸಂಶಯವಿಲ್ಲ.

ತಟ್ಟೆಯಲ್ಲಿಟ್ಟುಕೊಂಡು ಹೋಗಿ ಕೊಟ್ಟೆ. ಮಧುರಾ ಮಡಿಕೆ ಬಿಚ್ಚಿದಳು, ಜೇಬಿನೊಳಗೆ ಕೈ ಹಾಕಿದಳು, ರವಿಕೆಯನ್ನು ಎದೆಗೆ ಹಿಡಿದು ನೋಡಿದಳು.

"ರೀ, ನನಗೆ ಆಪರೇಷನ್ ಆಗಿರೋದು ಎಡಗಡೆ."

ಬಟ್ಟೆಯನ್ನು ಮಗುಚಿ ಹಾಕಿಕೊಂಡು ಹೊಲಿದಿದ್ದೆ. ಜೇಬು ಬಲಗಡೆ ಬಂದಿತ್ತು. ಕನ್ನಡಿಯಲ್ಲಿ ಎಡ ಬಲವಾಗುವುದು ಹೇಗೆ ಎಂದು ಪ್ರತಿ ವರ್ಷ ಎರಡು ಪೀರಿಯಡ್ ಪಾಠ ಮಾಡುತ್ತೇನೆ.

ಅವಳಿಗೆ ನಗು ಬಂತು. ಒಂದೂವರೆ ತಿಂಗಳ ನಂತರ ಬಂದ ನಗು. ನೋವಾಗುತ್ತದೆಂದು ಎಡ ಪಕ್ಕೆಯನ್ನು ಒತ್ತಿ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಗುತ್ತಾ, "ನನಗೆ ಹೇಗೆ ಮರೆತುಹೋಯ್ತೋ," ಎಂದೆ.

"ನೋಡಿದ್ರೆ ತಾನೇ ನೆನಪಿರೋದು," ಎಂದಳು. ಆಗ ಅವಳು ನಗುತ್ತಿರಲಿಲ್ಲ. "ಆವತ್ತು ಸ್ಕ್ರೂ ಹುಡುಕುವಾಗ ನೀವು ಆ ಕಡೆ ತಿರುಗಿದ್ರಿ. ಆಸ್ಪತ್ರೆಯಲ್ಲಿ ಡ್ರೆಸಿಂಗ್ ಮಾಡುವಾಗಲೂ ಫೋನ್ ಬಂತು ಅಂತ ಹೊರಗೆ ಹೋದ್ರಿ. ಫೋನ್ ಬಂದಿರ್ಲಿಲ್ಲ."

ಅಕ್ಟೋಬರ್ 27, ಭಾನುವಾರ

ಫೋನ್ ಬಂದಿರಲಿಲ್ಲ.

ನವೆಂಬರ್ 1, ಶುಕ್ರವಾರ

ರಾಜ್ಯೋತ್ಸವ, ದೀಪಾವಳಿ ಎರಡೂ ಸೇರಿ ರಜೆ. ಬೀದಿಯ ತುದಿಯಲ್ಲಿ ಧ್ವಜ ಏರಿಸಿ ಮೈಕು ಹಚ್ಚಿದ್ದರು, ನಡುನಡುವೆ ಪಟಾಕಿ. ತಿಂಡಿ ಆದ ಮೇಲೆ ರೂಮಿನ ಬಾಗಿಲಲ್ಲಿ ನಿಂತು, ಐದು ದಿನದಿಂದ ಬಾಯಿಪಾಠ ಮಾಡಿದ್ದ ಮಾತು ಹೇಳಿದೆ.

"ಮಧು, ಹಳೇ ರವಿಕೆ ಅಳತೆ ಸರಿಹೋಗಲ್ಲ. ಹೊಸದಾಗಿ ಅಳತೆ ತೊಗೋಬೇಕು. ನಾನು ತೊಗೊಳ್ಲಾ?"

ಒಂದು ಸರ ಪಟಾಕಿ ಪೂರ್ತಿ ಸಿಡಿದು ಮುಗಿಯಿತು.

"ಬಾಗಿಲು ಹಾಕಿ. ಕಿಟಕೀನೂ."

ಹಾಕಿದೆ. ಅವಳು ಬೆಳಕಿಗೆ ಬೆನ್ನು ಮಾಡಿ ನಿಂತಳು. ಆಮೇಲೆ, ಏನನ್ನಿಸಿತೋ, ಬೆಳಕಿನ ಕಡೆಗೇ ತಿರುಗಿದಳು.

ಮಧುರಾಳ ಎಡ ಸ್ತನ ಇಲ್ಲ. ಬರೆದೆ. ಎದೆಯ ನಡುವಿನಿಂದ ಕಂಕುಳಿನವರೆಗೆ ಓರೆಯಾಗಿ ಒಂದು ಗೆರೆ ಇದೆ, ಕೆಂಪು ಇನ್ನೂ ಪೂರ್ತಿ ಇಳಿದಿಲ್ಲ. ಸುತ್ತ ಚರ್ಮ ಮಗುವಿನ ಚರ್ಮದ ಹಾಗೆ ನುಣ್ಣಗಿದೆ. ನಾನು ಹೆದರಿದ್ದು ಏನಕ್ಕೆ ಎಂದು ಈಗ ನೆನಪು ಮಾಡಿಕೊಂಡರೂ ನೆನಪಾಗುತ್ತಿಲ್ಲ. ಟೇಪು ಹಿಡಿದು ಸುತ್ತಳತೆ, ಭುಜ, ಉದ್ದ ಎಲ್ಲ ಬರೆದುಕೊಂಡೆ. ಗೆರೆಯನ್ನೂ ಅಳೆದೆ. ಆರೂವರೆ ಇಂಚು. ರವಿಕೆಗೆ ಆ ಅಳತೆ ಬೇಕಿರಲಿಲ್ಲ.

"ಹೇಗಿದೆ?" ಎಂದಳು.

ಆಗ ಏನಾದರೂ ಒಳ್ಳೆಯ ಮಾತು ಹೇಳಬೇಕು. ಗಂಡಸರು ಹೇಳುತ್ತಾರೆ. ನಾನು ಹೇಳಿದ್ದು: "ಹೊಲಿಗೆ ಸಮವಾಗಿದೆ. ಎಲ್ಲೂ ಸುಕ್ಕಿಲ್ಲ. ಟೆನ್ಶನ್ ಸರಿಯಾಗಿ ಇಟ್ಕೊಂಡಿದಾರೆ."

ನಾಲಿಗೆ ಕಚ್ಚಿಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತುಟಿ ಅದುರಿತು. ಅಳುತ್ತಾಳೆ ಎಂದುಕೊಂಡೆ. "ಸದ್ಯ," ಎಂದಳು, "ನಿಮ್ಮ ಕೈಗೆ ಸಿಕ್ಕಿದ್ರೆ ನನ್ನ ಗತಿ ಏನಾಗ್ತಿತ್ತು!" ಎಂದು ನಗಲು ಶುರು ಮಾಡಿ, ನಗುತ್ತಲೇ ಅತ್ತಳು.

ಆಮೇಲೆ ನನ್ನ ಕೈ ಹಿಡಿದು ಆ ಗೆರೆಯ ಮೇಲೆ ಇಟ್ಟುಕೊಂಡಳು. "ಅಲ್ಲೆಲ್ಲ ಮರಗಟ್ಟಿದೆ. ನಿಮ್ಮ ಕೈ ನನಗೆ ಗೊತ್ತಾಗ್ತಿಲ್ಲ. ನಿಮಗೆ ನಾನು ಗೊತ್ತಾಗ್ತಿದೀನಾ?"

"ಗೊತ್ತಾಗ್ತಿದೆ," ಎಂದೆ. "ಬೆಚ್ಚಗಿದೆ."

ನವೆಂಬರ್ 3, ಭಾನುವಾರ

ನಡುಮನೆಯಲ್ಲಿ ಸೊಳ್ಳೆ ವಿಪರೀತ. ಹಾಸಿಗೆಯನ್ನು ರೂಮಿಗೆ ಸಾಗಿಸಿದೆ. ಗೊರಕೆಗೆ ಏನಾದರೂ ಉಪಾಯ ಹುಡುಕಬೇಕು.

ನವೆಂಬರ್ 9, ಶನಿವಾರ

ಹೊಸ ಅಳತೆಯ ರವಿಕೆ ಶುರುಮಾಡಿದೆ. ಜೇಬು ಎಡಗಡೆ, ಬಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ 'ಎಡ' ಎಂದು ನಾಲ್ಕು ಕಡೆ ಬರೆದಿದ್ದೇನೆ. ಆದರೆ ತೋಳಿನ ತಿರುವು ಬಂದ ತಕ್ಷಣ ಹೊಲಿಗೆ ಮತ್ತೆ ಸಡಿಲ, ಕೆಳಗೆ ಸಣ್ಣ ಸಣ್ಣ ಕುಣಿಕೆ. ತಿರುಪಿಗೆ ಕೈ ಹಾಕಿದೆ.

"ಅದನ್ನ ಮುಟ್ಟಬೇಡಿ," ಎಂದು ಮಧುರಾ ಕುರ್ಚಿ ಎಳೆದುಕೊಂಡು ಬಂದು ಮಿಷನ್ನಿನ ಮುಂದೆ ಕೂತಳು. ನನ್ನನ್ನು ಬಲಕ್ಕೆ ಸರಿಸಿದಳು. "ನನ್ನ ಹಳೇ ದಾರದ ಡಬ್ಬಿ ತೊಗೊಂಡ್ಬನ್ನಿ. ಮೇಲೆ ಕೆಂಪು ಹಾಕಿ, ಕೆಳಗೆ ನೀಲಿ. ಎಲ್ಲಾ ಬಿಳಿ ಹಾಕಿದ್ರೆ ಯಾವ ದಾರ ತಪ್ಪು ಮಾಡ್ತಿದೆ ಅಂತ ಹೇಗೆ ಗೊತ್ತಾಗಬೇಕು?"

ಹನ್ನೊಂದು ಬಿಳಿ ರೀಲಿನ ಯಜಮಾನ ಬಾಯಿ ಮುಚ್ಚಿಕೊಂಡು ಡಬ್ಬಿ ತಂದ.

ಚೂರು ಬಟ್ಟೆಯ ಮೇಲೆ ಹೊಲಿದರೆ ಕೆಂಪು ಕೆಳಗೆ ಇಣುಕುತ್ತಿತ್ತು. ಮೇಲಿನದೇ ಸಡಿಲ. ಹಳೆಯ ನೈಟಿಯ ತುದಿಯನ್ನು ಪಟ್ಟಿಯಾಗಿ ಹರಿದು ಎರಡು ಬಿಲ್ಲೆಗಳ ನಡುವೆ ಹಾಯಿಸಿ ಎಳೆದಳು. ಕಪ್ಪಗೆ, ಜಿಡ್ಡುಜಿಡ್ಡಾದ ನೂಲಿನ ಉಂಡೆಯೊಂದು ಹೊರಗೆ ಬಂತು. ನಾನು ಇಪ್ಪತ್ತೊಂದನೇ ತಾರೀಕು ಬಿಟ್ಟ ಎಣ್ಣೆಗೆ ಅಂಟಿಕೊಂಡದ್ದು. ಬಾಬಿನ್ ಡಬ್ಬಿಯನ್ನು ಅದರ ದಾರದಿಂದಲೇ ನೇತಾಡಿಸಿ, ಕೈಯನ್ನು ಮೆಲ್ಲಗೆ ಜಾಡಿಸಿದಳು. ಡಬ್ಬಿ ಎರಡು ಬೆರಳು ಇಳಿದು ನಿಂತಿತು. "ಇಷ್ಟೇ ಇಳಿಯಬೇಕು. ಜರ್ ಅಂತ ಬಿದ್ರೆ ಸಡಿಲ. ಅಲ್ಲಾಡ್ದೇ ಇದ್ರೆ ಬಿಗಿ."

ಅವಳ ಎಡಗೈಗೆ ಇನ್ನೂ ಬಲವಿಲ್ಲ. ಈ ಮಿಷನ್ನಿಗೆ ಎರಡು ಕೈ ಬೇಕು. ಹಾಗಾಗಿ ನಾನು ಚಕ್ರ ತಿರುಗಿಸಿದೆ, ಅವಳು ಬಲಗೈಯಿಂದ ಬಟ್ಟೆ ನಡೆಸಿದಳು. "ನಿಧಾನ. ಇನ್ನೂ ನಿಧಾನ. ನಿಲ್ಸಿ ಅಂದ್ರೆ ನಿಲ್ಸಬೇಕು." ತೋಳು ಕೂತಿತು.

"ಪಾದ ಎತ್ತಿ ದಾರ ಹಾಕಬೇಕು ಅಂತ ನಿನಗೆ ಗೊತ್ತಿತ್ತಾ?" ಎಂದೆ.

"ನನಗೆ ಹನ್ನೆರಡು ವರ್ಷ ಇದ್ದಾಗ ಅಮ್ಮ ಹೇಳಿಕೊಟ್ಟಿದ್ದು."

"ಮತ್ತೆ ಹೇಳಬಾರ್ದಿತ್ತಾ? ಸೂಜಿ ಮುರೀತು, ಶ್ರೀರಾಂಪುರದಲ್ಲಿ ಮಾನ ಹೋಯ್ತು..."

"ನೀವು ಕೇಳ್ಲಿಲ್ಲ." ದಾರದ ತುದಿ ಕತ್ತರಿಸಿದಳು. "ಕೇಳಿದ್ರೂ ಹೇಳ್ತಿರ್ಲಿಲ್ಲವೇನೋ. ನೀವು ಹೊರಗೆ ಬಯ್ಕೊಂಡು ಒದ್ದಾಡೋದನ್ನ ಮಲಗಿದ ಕಡೆಯಿಂದ ಕೇಳ್ತಿದ್ದೆ. ಆ ದಿನಗಳಲ್ಲಿ ನನಗೆ ಹೊತ್ತು ಹೋಗ್ತಿದ್ದಿದ್ದೇ ಅದರಿಂದ."

ನವೆಂಬರ್ 17, ಭಾನುವಾರ

ರವಿಕೆ ತಯಾರು. ಬಲ ತೋಳಿನ ಹತ್ತಿರ ಕಾಲು ಇಂಚು ಹೆಚ್ಚಿದೆ, ಸೆರಗು ಹೊದ್ದರೆ ಕಾಣುವುದಿಲ್ಲ. ಮಧುರಾ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಮುಂದಿನಿಂದ, ಪಕ್ಕದಿಂದ. "ಇನ್ನೆರಡು ಬೇಕು," ಎಂದಳು. "ವಾರಕ್ಕೆ ಆರು ದಿನ ಸ್ಕೂಲು."

ಕೇಳಿಸಲಿಲ್ಲ ಎಂಬಂತೆ ದಾರ ಸುತ್ತುತ್ತಿದ್ದೆ. ಮಾತು ಬೆಳೆಸಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂದು ಭಯ.

ಸಂಜೆ ಸೂಜಿ ತರಲು ಮುರುಗೇಶರ ಅಂಗಡಿಗೆ ಹೋದೆ. "ದಿಂಬಿನ ಕವರ್ ಮುಗೀತಾ ಸಾರ್?" ಎಂದರು. ಮಧುರಾ ಹೊರಡುವಾಗಲೇ ಹೇಳಿದ್ದಳು, "ಅವರಿಗೆ ನಿಜ ಹೇಳಿ, ಪಾಪ, ಅಷ್ಟು ಕಲಿಸಿದಾರೆ." ಹೇಳಿದೆ. ಹೆಂಡತಿಗೆ ಸ್ತನದ ಆಪರೇಷನ್ ಆಗಿದೆ, ಅವಳಿಗೆ ರವಿಕೆ ಹೊಲಿಯುತ್ತಿದ್ದೇನೆ ಎಂದು ಬೀದಿಯಲ್ಲಿ ನಿಂತು, ಬಸ್ಸಿನ ಹಾರ್ನ್ ಸದ್ದಿಗೆ ಎರಡು ಸಲ ಹೇಳಬೇಕಾಯಿತು.

ಮುರುಗೇಶ ಕನ್ನಡಕ ತೆಗೆದು ಒರೆಸಿದರು. "ನಮ್ಮ ಮನೆ ಓನರಮ್ಮ ಇದಾರೆ ಸಾರ್, ಪಿಳ್ಳಮ್ಮ ಅಂತ. ಹೂ ಮಾರ್ತಾರೆ. ನಾಲ್ಕು ವರ್ಷ ಆಯ್ತು ಅವರಿಗೂ ಇದೇ ಆಗಿ. ಟವಲ್ ಸುತ್ತಿ ಇಟ್ಕೋತಾರೆ, ಬಗ್ಗಿದ್ರೆ ಜಾರತ್ತೆ. ಅವರಿಗೂ ಒಂದು ರವಿಕೆ ಆಗತ್ತಾ ಅಂತ... ಮೇಡಮ್ಮನ್ನ ಒಂದು ಮಾತು ಕೇಳ್ತೀರಾ?"

ಡಿಸೆಂಬರ್ 2, ಸೋಮವಾರ

ಹೋದಳು. ತಿಳಿಹಸಿರು ಸೀರೆ, ಮೂರನೆಯ ರವಿಕೆ.

ನಾನು ಅರ್ಧ ದಿನ ರಜೆ ಹಾಕಿ, ಅವಳ ಸ್ಕೂಲಿನ ಕಾಂಪೌಂಡಿನ ಸುತ್ತ ಸುಮ್ಮನೆ ನಡೆದೆ. ಮೂರನೆಯ ಸುತ್ತಿನಲ್ಲಿ ವಾಚ್‌ಮನ್ ತಡೆದು, "ಯಾರು ಬೇಕಿತ್ತು?" ಎಂದ. ವಾಕಿಂಗ್ ಎಂದೆ. ಮಧ್ಯಾಹ್ನ ಎರಡು ಗಂಟೆ, ಸುಡುವ ಬಿಸಿಲು, ಕೈಯಲ್ಲಿ ಕೊಡೆ, ಚೀಲದಲ್ಲಿ ಇನ್ನೊಂದು ರವಿಕೆ. ಅವನು ನಂಬಲಿಲ್ಲ.

ನಾಲ್ಕು ಗಂಟೆಗೆ ಹೊರಗೆ ಬಂದಳು. ಮುಖ ದಣಿದಿತ್ತು. "ಒಂದು ಹುಕ್ಕು ಕಿತ್ತುಹೋಯ್ತು ರೀ. ಪಿನ್ನು ಹಾಕ್ಕೊಂಡು ಪಾಠ ಮಾಡಿದೆ." ಸ್ವಲ್ಪ ದೂರ ನಡೆದ ಮೇಲೆ, "ಹತ್ತನೇ ಕ್ಲಾಸಿನವು ಏನೂ ಓದಿಲ್ಲ. ನಾಳೆಯಿಂದ ಸ್ಪೆಷಲ್ ಕ್ಲಾಸ್ ತೊಗೋಬೇಕು," ಎಂದಳು.

ಡಿಸೆಂಬರ್ 8, ಭಾನುವಾರ

ಪಿಳ್ಳಮ್ಮ ಬಂದರು. ಅರವತ್ತು ದಾಟಿದ ಗಟ್ಟಿ ಹೆಂಗಸು, ಕಂಕುಳಲ್ಲಿ ಹೂವಿನ ಬುಟ್ಟಿ. ಬುಟ್ಟಿ ಇಳಿಸಲು ಬಗ್ಗಿದಾಗ ಒಂದು ಕೈ ತಾನಾಗಿ ಎದೆಗೆ ಹೋಗಿ ಒತ್ತಿ ಹಿಡಿಯಿತು. ನಾಲ್ಕು ವರ್ಷದ ಅಭ್ಯಾಸ.

ಮಧುರಾ ಟೇಪು ಕೈಗೆತ್ತಿಕೊಂಡಳು. "ಒಳಗೆ ಬನ್ನಿ ಪಿಳ್ಳಮ್ಮ."

"ಬೇಡ ಕಣಮ್ಮ. ನಾಚ್ಕೆ ಆಗ್ತದೆ. ನಮ್ ಯಜಮಾನ್ರುಗೂ ತೋರ್ಸಿಲ್ಲ."

"ಮೊದಲು ನಾನು ತೋರಿಸ್ತೀನಿ. ಆಮೇಲೆ ನೀವು ತೋರಿಸಿ," ಎಂದಳು ಮಧುರಾ. ಅವರ ಕೈ ಹಿಡಿದು ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತು, ಅವಳು ಕೂಗಿ ಹೇಳಿದ ಅಂಕಿಗಳನ್ನು ಬರೆದುಕೊಂಡೆ. ನಡುವೆ ಬಹಳ ಹೊತ್ತು ಅಂಕಿ ಬರಲಿಲ್ಲ. ಯಾರೋ ಮೂಗು ಸೀಟಿದರು. ಆಮೇಲೆ ಪಿಳ್ಳಮ್ಮನ ದನಿ: "ಹೊಲ್ಯೋದು ಸಾರಾ? ಗಂಡಸ್ರಾ?"

"ಅವರೇ. ಸ್ವಲ್ಪ ನಿಧಾನ. ಆದ್ರೆ ಹೊಲಿಗೆ ಬಿಚ್ಚಲ್ಲ."

ಈ ಮಾತನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹುಕ್ಕಿನ ವಿಷಯ ಅವಳು ಹೇಳಲಿಲ್ಲ.

ಡಿಸೆಂಬರ್ 15, ಭಾನುವಾರ

ಪಿಳ್ಳಮ್ಮ ಬೆಳಿಗ್ಗೆಯೇ ಬಂದು ರವಿಕೆ ಹಾಕಿಕೊಂಡು ನೋಡಿದರು. ಹಾಕಿಕೊಂಡದ್ದನ್ನು ತೆಗೆಯಲಿಲ್ಲ. ಗೇಟಿನ ಹತ್ತಿರ ಇಟ್ಟಿದ್ದ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ತಲೆಯ ಮೇಲಿಟ್ಟುಕೊಂಡು, ಇಳಿಸಿ, ಮತ್ತೆ ಎತ್ತಿದರು. ಒಂದು ಮೊಳ ಮಲ್ಲಿಗೆ ಹರಿದು ಮಧುರಾಳಿಗೆ ಮುಡಿಸಿ ಹೋದರು.

ಎದುರುಮನೆಯಿಂದ ರುದ್ರಾಣಿಯವರು ನೋಡುತ್ತಿದ್ದರು. "ಯಾರ್ರೀ ಮಧುರಾ ಅದು? ಹೋದ ಭಾನುವಾರಾನೂ ಬಂದಿದ್ರು?"

ನಾನು ಬಾಯಿ ತೆರೆದೆ. ಹೂವಿನವರು ಎಂದು ಹೇಳುವವನಿದ್ದೆ. ಅಷ್ಟರಲ್ಲಿ ಮಧುರಾ ಗೇಟು ತೆಗೆದು ಬೀದಿಗೆ ಇಳಿದಳು.

"ನನಗೂ ಅವರಿಗೂ ಒಂದೇ ಆಪರೇಷನ್ ಆಗಿದೆ ರುದ್ರಾಣಿ. ಬ್ರೆಸ್ಟ್ ಕ್ಯಾನ್ಸರ್. ಸೆಪ್ಟೆಂಬರಲ್ಲಿ ಎಡಗಡೇದು ತೆಗೆದ್ರು."

ರುದ್ರಾಣಿಯವರು ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದರು. ಅದು ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ. "ಮತ್ತೆ ವೈರಲ್ ಜ್ವರ ಅಂದ್ರಲ್ಲ ಮೇಷ್ಟ್ರು..."

"ಅವರಿಗೆ ಸುಳ್ಳು ಹೇಳೋಕೆ ಬರಲ್ಲ. ನಾನೇ ಹೇಳಿಸಿದ್ದು. ಬನ್ನಿ, ಒಳಗೆ ಕೂತು ಮಾತಾಡೋಣ."

ಅವರು ರಸ್ತೆ ದಾಟಿ ಬಂದು ಮಧುರಾಳ ಕೈಯನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಇಬ್ಬರೂ ಹಾಗೇ ಮೆಟ್ಟಿಲು ಹತ್ತಿದರು. ನಾನು ಅವರಿಗಿಂತ ಮುಂದೆ ಒಳಗೆ ಓಡಿ ಕಾಫಿಗೆ ಹಾಲಿಟ್ಟೆ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು; ನಡುಮನೆಯಲ್ಲಿ ಮಧುರಾ ಮಾತಾಡುತ್ತಿದ್ದಳು, ಅದನ್ನು ಕೇಳುತ್ತಾ ನಿಂತುಬಿಟ್ಟಿದ್ದೆ.